ದೋಣಿ ತಳ ಕಚ್ಚಿದರೆ ತಪ್ಪು ಗ್ರಹಚಾರದ್ದೋ, ಚುಕ್ಕಾಣಿ ಹಿಡಿದವರದ್ದೋ?

2014ರ ನವೆಂಬರ್ 29ರ ಸಂಜೆ, ಸೂರ್ಯ ಮುಳುಗಿದ ಸ್ವಲ್ಪ ಹೊತ್ತಿಗೆ, ಟೀಮ್ ವೆಸ್ಟಾಸ್ ವಿಂಡ್ ಎಂಬ 65 ಅಡಿಯ ಪಂದ್ಯದ ಹಾಯಿನೌಕೆ ಹಿಂದೂ ಮಹಾಸಾಗರದ ಕಾರ್ಗಡೋಸ್ ಕರಾಜೋಸ್ ಹವಳದ ದಿಬ್ಬಕ್ಕೆ 19 ನಾಟ್ (ಗಂಟೆಗೆ ಸುಮಾರು 35 ಕಿಲೋಮೀಟರ್) ವೇಗದಲ್ಲಿ ಬಡಿಯಿತು. ಜಾಗ ಮಾರಿಷಸ್ಸಿನ ಈಶಾನ್ಯಕ್ಕೆ, ಸುಮಾರು 430 ಕಿಲೋಮೀಟರ್ ದೂರ. ಜಗತ್ತು ಸುತ್ತುವ ವೋಲ್ವೋ ಓಷನ್ ರೇಸಿನ ಎರಡನೇ ಹಂತದಲ್ಲಿ ಏಳು ನೌಕೆಗಳು ಕೇಪ್‌ಟೌನ್‌ನಿಂದ ಅಬುಧಾಬಿಗೆ ಹೊರಟಿದ್ದವು. ವೆಸ್ಟಾಸ್‌ನಲ್ಲಿದ್ದ ಒಂಬತ್ತು ಮಂದಿ ಅಲೆಗಳ ಹೊಡೆತದಲ್ಲೇ ರಾತ್ರಿಯ ಬಹುಪಾಲು ಕಳೆದು, ಬೆಳಕು ಹರಿಯುವ ಹೊತ್ತಿಗೆ ಕರಾವಳಿ ರಕ್ಷಣೆಯವರ ದೋಣಿ ಹತ್ತಿದರು. ಯಾರ ಜೀವಕ್ಕೂ ಅಪಾಯವಾಗಲಿಲ್ಲ. ನೌಕೆಯನ್ನು ದಿಬ್ಬದಿಂದ ಎತ್ತಿ ಇಟಲಿಗೆ ಸಾಗಿಸಿ ಮತ್ತೆ ಕಟ್ಟಿದರು. ಅದು 2015ರ ಜೂನ್‌ನಲ್ಲಿ ಲಿಸ್ಬನ್‌ನಲ್ಲಿ ಪಂದ್ಯಕ್ಕೆ ಮರಳಿತು.

ಈ ಪ್ರಕರಣವನ್ನು ಮೊದಲಿಗೆ ಎತ್ತಿಕೊಳ್ಳಲು ಕಾರಣವಿದೆ. ಆ ನೌಕೆಯಲ್ಲಿ ಹಣ, ಉಪಕರಣ, ಅನುಭವ ಯಾವುದಕ್ಕೂ ಕೊರತೆ ಇರಲಿಲ್ಲ. ಜಿಪಿಎಸ್ ಸರಿಯಾಗಿತ್ತು. ದಿಬ್ಬ ನಕ್ಷೆಯಲ್ಲಿತ್ತು. ನೂರಾರು ವರ್ಷಗಳಿಂದ ನಾವಿಕರಿಗೆ ಗೊತ್ತಿರುವ ದಿಬ್ಬ ಅದು. ಹಾಗಿದ್ದೂ ಅದರ ಮೇಲೆ ಹೋಗಿ ಕೂತರು. ಇದನ್ನು ಗ್ರಹಚಾರ ಎನ್ನುವುದು ಹೇಗೆ? ಆದರೆ "ಬೇಜವಾಬ್ದಾರಿ" ಎಂದು ಒಂದೇ ಮಾತಿನಲ್ಲಿ ಮುಗಿಸಿಬಿಟ್ಟರೆ ಮುಂದಿನ ದೋಣಿಗೆ ಅದರಿಂದ ಏನೂ ಸಿಗುವುದಿಲ್ಲ.

ನಡೆದದ್ದು ಇಷ್ಟು. ಪಂದ್ಯದ ಆಯೋಜಕರು ಮೊದಲು ಆ ಭಾಗವನ್ನು ಪ್ರವೇಶ ನಿಷೇಧಿತ ವಲಯದೊಳಗೆ ಇಟ್ಟಿದ್ದರು. ಉಷ್ಣವಲಯದ ಬಿರುಗಾಳಿಯ ಲಕ್ಷಣ ಕಂಡಾಗ, ನೌಕೆಗಳಿಗೆ ತಪ್ಪಿಸಿಕೊಳ್ಳಲು ಜಾಗ ಇರಲಿ ಎಂದು ಹೊರಡುವ ಮುನ್ನ ಆ ವಲಯವನ್ನು ಬದಲಿಸಿದರು. ತಿಂಗಳುಗಟ್ಟಲೆ ಮಾಡಿದ್ದ ಪೂರ್ವಸಿದ್ಧತೆಯಲ್ಲಿ ಆ ಜಾಗದ ಅಧ್ಯಯನ ಇರಲಿಲ್ಲ, ಹೊಸದಾಗಿ ಮಾಡಲು ಸಮಯವೂ ಉಳಿದಿರಲಿಲ್ಲ. ಹೊರಟ ಮೇಲೆ ದಾರಿ ಗೊತ್ತುಮಾಡುವ ನ್ಯಾವಿಗೇಟರ್ ಎಲೆಕ್ಟ್ರಾನಿಕ್ ಚಾರ್ಟನ್ನು, ಅಂದರೆ ಪರದೆಯ ಮೇಲಿನ ಕಡಲ ನಕ್ಷೆಯನ್ನು, ದೂರದಿಂದ ತೋರುವ ಅಳತೆಯಲ್ಲಿ ನೋಡಿದರು. ಆ ನೋಟದಲ್ಲಿ ಕಂಡದ್ದು ಕಡಲಡಿಯ ಗುಡ್ಡದಂಥ ಜಾಗ. ಆಳ ಕನಿಷ್ಠ 40 ಮೀಟರ್ ಆಸುಪಾಸು ಇರುತ್ತದೆ, ಅಲೆ ಸ್ವಲ್ಪ ಏರುಪೇರಾಗಬಹುದು, ಅಷ್ಟೇ ಎಂಬ ತೀರ್ಮಾನಕ್ಕೆ ಬಂದರು. ಅದೇ ಚಾರ್ಟನ್ನು ಹತ್ತಿರಕ್ಕೆ ಎಳೆದು ನೋಡಿದ್ದರೆ ದಿಬ್ಬ, ಮರಳ ದ್ವೀಪಗಳು, ಒಣಗುವ ಬಂಡೆಗಳು ಎಲ್ಲ ತೆರೆದುಕೊಳ್ಳುತ್ತಿದ್ದವು.

ಈ ಜಾಗದಲ್ಲಿ ಸ್ವಲ್ಪ ನಿಲ್ಲಬೇಕು. ಕಾಗದದ ನಕ್ಷೆಯಲ್ಲಿ ನಕ್ಷೆಗಾರ ಕೈಯಾರೆ ಆರಿಸಿ ಬರೆದಿರುತ್ತಾನೆ. ಸಣ್ಣ ಅಳತೆಯ, ಅಂದರೆ ದೊಡ್ಡ ಪ್ರದೇಶವನ್ನು ದೂರದಿಂದ ತೋರುವ, ನಕ್ಷೆಯಾದರೂ ದೋಣಿ ಮುಳುಗಿಸುವ ದಿಬ್ಬವನ್ನು ಅವನು ಬಿಡುವುದಿಲ್ಲ. ಯಾಟ್‌ಗಳಲ್ಲಿ ಬಳಸುವ ವೆಕ್ಟರ್ ಚಾರ್ಟಿನಲ್ಲಿ, ಅಂದರೆ ಪದರ ಪದರವಾಗಿ ಜೋಡಿಸಿದ ಎಲೆಕ್ಟ್ರಾನಿಕ್ ನಕ್ಷೆಯಲ್ಲಿ, ಹಾಗಲ್ಲ. ಪರದೆಯನ್ನು ದೂರಕ್ಕೆ ತಳ್ಳಿದಂತೆ ತಂತ್ರಾಂಶ ಒಂದೊಂದೇ ಪದರವನ್ನು ತೆಗೆದುಹಾಕುತ್ತದೆ, ಪರದೆ ಗಿಜಿಗುಡಬಾರದು ಎಂಬ ಕಾರಣಕ್ಕೆ. ಮೊದಲು ಆಳದ ಅಂಕಿಗಳು ಹೋಗುತ್ತವೆ, ಆಮೇಲೆ ಬಂಡೆಯ ಗುರುತುಗಳು, ಕೆಲವೊಮ್ಮೆ ಇಡೀ ದಿಬ್ಬವೇ. ಉಳಿಯುವುದು ತಿಳಿನೀಲಿ ಬಣ್ಣ. ಖಾಲಿ ಕಂಡದ್ದೆಲ್ಲ ಆಳವಾದ ನೀರು ಎಂದು ಕಣ್ಣು ನಂಬಿಬಿಡುತ್ತದೆ. ನಿವೃತ್ತ ರಿಯರ್ ಅಡ್ಮಿರಲ್ ಕ್ರಿಸ್ ಆಕ್ಸನ್‌ಬೋಲ್ಡ್ ನೇತೃತ್ವದ ಸ್ವತಂತ್ರ ತನಿಖಾ ತಂಡ 2015ರ ಮಾರ್ಚ್‌ನಲ್ಲಿ ಕೊಟ್ಟ ವರದಿ ಎರಡನ್ನೂ ಹೇಳಿತು: ನೌಕೆಯಲ್ಲಿ ಚಾರ್ಟುಗಳನ್ನು ಬಳಸಿದ ರೀತಿ ಸರಿಯಿರಲಿಲ್ಲ, ಸಣ್ಣ ಮತ್ತು ಮಧ್ಯಮ ಅಳತೆಗಳಲ್ಲಿ ಅಪಾಯವನ್ನು ತೋರಿಸುವ ಚಾರ್ಟಿನ ರೀತಿಯೂ ಸರಿಯಿರಲಿಲ್ಲ. ನ್ಯಾವಿಗೇಟರ್ ತಮ್ಮ ತಪ್ಪನ್ನು ಬಹಿರಂಗವಾಗಿಯೇ ಒಪ್ಪಿಕೊಂಡರು.

ಇದಕ್ಕೆ ಮದ್ದು ಸರಳ, ಬೇಸರದ ಕೆಲಸ. ಮಾರ್ಗದ ಗೆರೆ ಎಳೆದ ಮೇಲೆ ಅದರ ಮೇಲೆ ಮೊದಲಿನಿಂದ ಕೊನೆಯವರೆಗೆ, ಚಾರ್ಟಿನಲ್ಲಿರುವ ಅತಿ ದೊಡ್ಡ ಅಳತೆಯಲ್ಲಿ, ಅಂದರೆ ಅತಿ ಹತ್ತಿರದ ನೋಟದಲ್ಲಿ, ಪರದೆಯನ್ನು ಸರಿಸುತ್ತ ಹೋಗಬೇಕು. ಗೆರೆಯೊಂದನ್ನೇ ನೋಡಿದರೆ ಸಾಲದು, ಎರಡೂ ಬದಿಗೆ ಗಾಳಿ ತಿರುಗಿದರೆ ಎಷ್ಟು ದೂರ ಹೋಗಬೇಕಾದೀತೋ ಅಷ್ಟಗಲ ನೋಡಬೇಕು. ಹವಾಮಾನ ನೋಡಿ ವೇಗದ ದಾರಿ ಹುಡುಕುವ ತಂತ್ರಾಂಶ ಗಾಳಿಯ ಲೆಕ್ಕ ಚೆನ್ನಾಗಿ ಹಾಕುತ್ತದೆ, ಆದರೆ ಅದು ಕೊಟ್ಟ ಗೆರೆ ದಿಬ್ಬದ ಮೇಲೇ ಹಾದರೂ ಅದಕ್ಕೆ ತಿಳಿಯದೆ ಹೋಗಬಹುದು. ಈ ತಪಾಸಣೆಯನ್ನು ಒಬ್ಬರು ಮಾಡಿ ಇನ್ನೊಬ್ಬರು ಮತ್ತೆ ಮಾಡಬೇಕು. ವೆಸ್ಟಾಸ್‌ನಲ್ಲಿ ಒಬ್ಬ ಮನುಷ್ಯನ ಒಂದು ನೋಟ ತಪ್ಪಿದಾಗ ಅದನ್ನು ಹಿಡಿಯಲು ಎರಡನೇ ಜೋಡಿ ಕಣ್ಣುಗಳು ಇರಲಿಲ್ಲ ಎಂಬುದೇ ನನಗೆ ಆ ವರದಿಯ ಅತಿ ಭಾರದ ಸಂಗತಿ.

ಹಾಗಾದರೆ ತೀರ್ಪು ಕೊಡುವುದು ಹೇಗೆ? ಬಡಿದ ಕ್ಷಣದಿಂದ ಗಡಿಯಾರವನ್ನು ಹಿಂದಕ್ಕೆ ತಿರುಗಿಸುತ್ತ ಹೋಗಬೇಕು. ಆ ಅಪಾಯವನ್ನು, ಆಗ ಕೈಯಲ್ಲಿದ್ದ ಮಾಹಿತಿಯಿಂದಲೇ ತಿಳಿಯಬಹುದಿತ್ತೇ? ತಿಳಿದಿದ್ದರೆ, ಅದರಿಂದ ಎಷ್ಟು ದೂರ ಇರಬೇಕೆಂದು ಮೊದಲೇ ಗೊತ್ತುಮಾಡಿದ್ದರೇ? ಆ ದೂರ ಕರಗುತ್ತಿದ್ದಾಗ ನೋಡುತ್ತಿದ್ದವರು ಯಾರು? ಈ ಮೂರಕ್ಕೂ ಒಳ್ಳೆಯ ಉತ್ತರ ಸಿಕ್ಕ ಮೇಲೂ ದೋಣಿ ನೆಲ ಹತ್ತಿದ್ದರೆ ಮಾತ್ರ ಗ್ರಹಚಾರದ ಮಾತು. ಉತ್ತರಗಳು ಬಾಯಿಮಾತಿನಲ್ಲಿ ಬರಬಾರದು. ಪ್ಲಾಟರಿನಲ್ಲಿ (ನಕ್ಷೆಯ ಮೇಲೆ ದೋಣಿಯ ಜಾಗ ತೋರಿಸುವ ಪರದೆ) ಉಳಿದ ಜಾಡು, ಎಚ್ಚರಿಕೆ ಗಂಟೆಯನ್ನು ಎಷ್ಟು ಆಳಕ್ಕೆ ಇಟ್ಟಿದ್ದರು ಎಂಬುದು, ಲಾಗ್ ಪುಸ್ತಕದಲ್ಲಿ ಗಂಟೆಗೊಮ್ಮೆ ಬರೆದ ಸ್ಥಾನ, ಆ ದಿನದ ಭರತ ಇಳಿತದ ಕೋಷ್ಟಕದ ಹಾಳೆ, ಇವನ್ನು ಮುಂದಿಟ್ಟುಕೊಂಡು ಕೂತರೆ ಅರ್ಧ ವಾದ ಅಲ್ಲೇ ತೀರುತ್ತದೆ.

ಎರಡನೇ ಪ್ರಶ್ನೆಗೆ ಒಂದು ಲೆಕ್ಕ. ತಳದಿಂದ ಕೆಳಗೆ ಚಾಚಿದ ಭಾರದ ರೆಕ್ಕೆ, ಅಂದರೆ ಕೀಲ್, ಸೇರಿ 2.1 ಮೀಟರ್ ನೀರು ಬೇಕಾದ ದೋಣಿ, ಬಾಗಿಲಲ್ಲಿ ಮರಳ ದಿಬ್ಬ ಇರುವ ಬಂದರಿಗೆ ಹೋಗಬೇಕು. ಚಾರ್ಟಿನಲ್ಲಿ ದಿಬ್ಬದ ಮೇಲೆ 1.2 ಮೀಟರ್ ಎಂದು ಬರೆದಿದೆ. ಅದು ಅತಿ ಕಡಿಮೆ ಇಳಿತದ ಮಟ್ಟದಿಂದ ಅಳೆದ ಆಳ. ಒಂದು ಮೀಟರ್ ಅಲೆ ಇದ್ದರೆ ತಗ್ಗಿನಲ್ಲಿ ಅರ್ಧ ಮೀಟರ್ ಕಳೆಯಿತು. ವಾಯುಭಾರ 1013ರ ಬದಲು 1033 ಹೆಕ್ಟೋಪಾಸ್ಕಲ್ ಇದ್ದರೆ ನೀರಿನ ಮಟ್ಟ ಇನ್ನೂ 20 ಸೆಂಟಿಮೀಟರ್ ಇಳಿಯುತ್ತದೆ, ಒಂದು ಹೆಕ್ಟೋಪಾಸ್ಕಲ್‌ಗೆ ಒಂದು ಸೆಂಟಿಮೀಟರ್ ಲೆಕ್ಕ. ಇದರ ಮೇಲೆ ಅರ್ಧ ಮೀಟರ್ ಕೈಮೀಸಲು. ಒಟ್ಟು ಬೇಕಾದ ನೀರು 3.3 ಮೀಟರ್, ಅಂದರೆ ಚಾರ್ಟಿನ ಆ ಮಟ್ಟದಿಂದ ಭರತ 2.1 ಮೀಟರ್ ಏರಿರಬೇಕು. ಆ ದಿನ ಇಳಿತ 0.6, ಭರತ 3.6 ಎಂದುಕೊಳ್ಳೋಣ. ಮೂರು ಮೀಟರ್ ಏರಿಕೆ ಆರು ಗಂಟೆಗಳಲ್ಲಿ 1, 2, 3, 3, 2, 1ರ ಹನ್ನೆರಡನೇ ಪಾಲುಗಳಲ್ಲಿ ಬರುತ್ತದೆ: ಮೊದಲ ಗಂಟೆ 25 ಸೆಂಟಿಮೀಟರ್, ಎರಡನೆಯದು 50, ಮೂರನೆಯದು 75. ಮೂರು ಗಂಟೆ ಕಳೆದಾಗ, ಇಳಿತದ 0.6 ಸೇರಿ, ಸರಿಯಾಗಿ 2.1.

ಹಸಿವಾಗಿದೆ, ಕತ್ತಲಾಗುತ್ತಿದೆ ಎಂದು ಅರ್ಧ ಗಂಟೆ ಮುಂಚೆ ನುಗ್ಗಿದರೆ ಸುಮಾರು 37 ಸೆಂಟಿಮೀಟರ್ ನೀರು ಕಡಿಮೆ. ಅಲೆಯ ತಗ್ಗಿನಲ್ಲಿ ಕೀಲಿನ ಕೆಳಗೆ ಉಳಿಯುವುದು ಒಂದು ಗೇಣೂ ಇಲ್ಲ. ಅಂಥ ದೋಣಿ ಹತ್ತು ಸಲ ದಾಟಿ ಹನ್ನೊಂದನೇ ಸಲ ಕಚ್ಚಿಕೊಂಡರೆ, ಆ ಹನ್ನೊಂದನೇ ಅಲೆ ದೊಡ್ಡದಿತ್ತು ಎಂಬುದು ನಿಜ. ಆದರೆ ಕೈಮೀಸಲನ್ನು ಖರ್ಚು ಮಾಡಿದ್ದು ಅಲೆಯಲ್ಲ. ಇದೇ ಲೆಕ್ಕದಲ್ಲಿ ಇನ್ನೊಂದು ಹುಳುಕೂ ಅಡಗಿರುತ್ತದೆ: ಆಳಮಾಪಕ ತೋರಿಸುವ ಅಂಕಿ ನೀರಿನ ಮೇಲ್ಮೈಯಿಂದಲೋ, ಉಪಕರಣದಿಂದಲೋ, ಕೀಲಿನ ಅಡಿಯಿಂದಲೋ ಎಂಬುದು ದೋಣಿಯಿಂದ ದೋಣಿಗೆ ಬೇರೆ. ಬಾಡಿಗೆ ದೋಣಿ ಹತ್ತಿದವರು ಇದನ್ನು ಕೇಳದೆ ಹೊರಟರೆ ಎರಡು ಮೀಟರಿನ ತಪ್ಪು ಮೊದಲ ದಿನವೇ ಜೊತೆಗೆ ಬರುತ್ತದೆ. ಬಂದರಿನಲ್ಲಿ ನಿಂತಾಗ ಗುಂಡು ಕಟ್ಟಿದ ಹಗ್ಗ ಇಳಿಬಿಟ್ಟು ತಾಳೆ ನೋಡಿದರೆ ಐದು ನಿಮಿಷದಲ್ಲಿ ಗೊತ್ತಾಗುತ್ತದೆ.

ಇನ್ನು ಚಾರ್ಟೇ ತಪ್ಪಿದ್ದರೆ? ಇದು ನಿಜವಾಗಿ ನಡೆಯುತ್ತದೆ. 2010ರ ಜನವರಿಯಲ್ಲಿ ಜಗತ್ತು ಸುತ್ತುವ ಕ್ಲಿಪ್ಪರ್ ಹಾಯಿಪಂದ್ಯದ ಕಾರ್ಕ್ ಎಂಬ ನೌಕೆ ಜಾವಾ ಸಮುದ್ರದ ಗೋಸೊಂಗ್ ಮಾಂಪಾಂಗೋ ದಿಬ್ಬಕ್ಕೆ ಹತ್ತಿತು. ಚಾರ್ಟು ತೋರಿಸಿದ ಜಾಗಕ್ಕೂ ದಿಬ್ಬ ಇದ್ದ ಜಾಗಕ್ಕೂ ತಾಳೆಯಿರಲಿಲ್ಲ. ಇಲ್ಲಿ ಗ್ರಹಚಾರದ ಪಾಲು ವೆಸ್ಟಾಸ್‌ಗಿಂತ ಹೆಚ್ಚು, ಅದರಲ್ಲಿ ಅನುಮಾನವಿಲ್ಲ. ಆದರೂ ಒಂದು ಮಾತು ಉಳಿಯುತ್ತದೆ. ಚಾರ್ಟನ್ನು ಎಷ್ಟು ನಂಬಬೇಕು ಎಂಬುದನ್ನು ಎಲೆಕ್ಟ್ರಾನಿಕ್ ಚಾರ್ಟೇ ದರ್ಜೆಗಳಲ್ಲಿ ಹೇಳುತ್ತದೆ. ಎ1 ದರ್ಜೆಯ ಸರ್ವೇ ಆಗಿದ್ದರೆ ಗುರುತಿನ ಜಾಗ ಐದು ಮೀಟರ್ ಮತ್ತು ಆಳದ ಶೇಕಡಾ 5 ಸೇರಿದಷ್ಟರೊಳಗೆ ಸರಿ. ಬಿ ಆದರೆ 50 ಮೀಟರ್. ಸಿ ಆದರೆ 500 ಮೀಟರ್. ಡಿ ಎಂದರೆ ಅದಕ್ಕೂ ಕೆಳಗೆ. ಸೀಸದ ಗುಂಡು ಇಳಿಬಿಟ್ಟು, ಸೂರ್ಯ ನಕ್ಷತ್ರ ನೋಡಿ ಜಾಗ ಗುರುತಿಸಿದ ಕಾಲದ ಸರ್ವೇ ಇಂದಿಗೂ ಎಷ್ಟೋ ದ್ವೀಪಗಳ ಸುತ್ತ ಚಾಲ್ತಿಯಲ್ಲಿದೆ. ಸಿ ದರ್ಜೆಯ ನೀರಿನಲ್ಲಿ ಜಿಪಿಎಸ್‌ನ ಐದು ಮೀಟರ್ ನಿಖರತೆಯನ್ನು ನಂಬಿ ದಿಬ್ಬದ ಪಕ್ಕದಲ್ಲೇ 300 ಮೀಟರ್ ಅಂತರದಲ್ಲಿ ರಾತ್ರಿ ಹಾದರೆ, ದೋಣಿ ಎಲ್ಲಿದೆ ಎಂಬುದು ಖಚಿತ, ದಿಬ್ಬ ಎಲ್ಲಿದೆ ಎಂಬುದು ಖಚಿತವಲ್ಲ. ಅಲ್ಲಿ ಎರಡು ಮೈಲು ದೂರ ಹೋಗುವುದಕ್ಕೆ ತಗಲುವುದು ಹೆಚ್ಚೆಂದರೆ ಅರ್ಧ ಗಂಟೆ.

ಅಳಿವೆಗಳ ಮಾತು ಬೇರೆ. ನಮ್ಮ ಗಂಗೊಳ್ಳಿ, ಹೊನ್ನಾವರದ ಶರಾವತಿ ಅಳಿವೆಗಳಲ್ಲಿ ಪ್ರತಿ ಮಳೆಗಾಲ ಹೂಳನ್ನು ಸರಿಸಿ ದಾರಿಯನ್ನೇ ಬದಲಿಸಿಬಿಡುತ್ತದೆ. ಹೋದ ವರ್ಷದ ನಕ್ಷೆ ಈ ವರ್ಷ ಸುಳ್ಳು. ಅಲ್ಲಿ ದೋಣಿ ನಡೆಸುವ ತಾಂಡೇಲರು ಅಲೆ ಎಲ್ಲಿ ಮುರಿಯುತ್ತದೆ, ನೀರಿನ ಬಣ್ಣ ಎಲ್ಲಿ ತಿರುಗುತ್ತದೆ ಎಂದು ಕಣ್ಣಲ್ಲೇ ಓದಿ, ಭರತ ಏರುವಾಗ ದೋಣಿ ಒಳಗೆ ತರುತ್ತಾರೆ. ಇಷ್ಟೆಲ್ಲ ನೋಡಿಯೂ ದೋಣಿ ಬಡಿಯುವುದುಂಟು. ಅದನ್ನು ದುರದೃಷ್ಟ ಎಂದು ಒಪ್ಪಲು ನನಗೆ ಹಿಂಜರಿಕೆಯಿಲ್ಲ. ಹೊರಗಿನಿಂದ ಬಂದ ಯಾಟ್ ಅದೇ ಅಳಿವೆಗೆ ಯಾರನ್ನೂ ಕೇಳದೆ, ಪ್ಲಾಟರಿನ ಗೆರೆ ಹಿಡಿದು, ಇಳಿತದಲ್ಲಿ ನುಗ್ಗಿ ಕಚ್ಚಿಕೊಂಡರೆ ಒಪ್ಪಲಾರೆ. ಜಾಗ ಒಂದೇ, ಮರಳು ಒಂದೇ. ಇಳಿತದಲ್ಲಿ ಕಚ್ಚಿದ ದೋಣಿ ಗಂಟೆಗಟ್ಟಲೆ ಅಲ್ಲೇ ಒದ್ದಾಡಬೇಕು. ಏರುವ ನೀರಿನಲ್ಲಿ ತಾಗಿದ್ದು ಹತ್ತು ನಿಮಿಷದಲ್ಲಿ ತಾನೇ ತೇಲುತ್ತದೆ. ಹುಣ್ಣಿಮೆ ಅಮಾವಾಸ್ಯೆಯ ದೊಡ್ಡ ಭರತದ ನೆತ್ತಿಯಲ್ಲಿ ಹತ್ತಿದರಂತೂ ಮುಂದಿನ ದೊಡ್ಡ ಭರತದವರೆಗೆ, ಸುಮಾರು ಎರಡು ವಾರ, ಅಲ್ಲೇ ವಾಸ.

"ಎಂಜಿನ್ ಕೈಕೊಟ್ಟಿತು" ಎಂಬುದು ಇನ್ನೊಂದು ಮಾಮೂಲಿ ವಿವರಣೆ. ಬಂದರಿನ ಬಾಯಲ್ಲೇ ಯಾಕೆ ಕೈಕೊಡುತ್ತದೆ? ಅಲ್ಲಿ ಅಲೆ ಗಿಡ್ಡಗೆ, ಕಡಿದಾಗಿ ಬರುತ್ತದೆ. ಟ್ಯಾಂಕಿನ ತಳದಲ್ಲಿ ಕೂತ ಗಸಿ ಕಲಕಿ ಮೇಲೆದ್ದು ಫಿಲ್ಟರಿಗೆ ಹೋಗುತ್ತದೆ. ಡೀಸೆಲ್ ಕಟ್ಟುತ್ತದೆ. ತಿಂಗಳುಗಳಿಂದ ಬೆಳೆದ ಗಸಿ ಅತಿ ಕೆಟ್ಟ ನಿಮಿಷದಲ್ಲಿ ಎದ್ದಿತು ಎಂಬಷ್ಟರಲ್ಲಿ ಮಾತ್ರ ಗ್ರಹಚಾರ. ಡೀಸೆಲ್ಲಿನಿಂದ ನೀರು ಬೇರ್ಪಡಿಸುವ ಬಟ್ಟಲನ್ನು ಕಣ್ಣಾರೆ ನೋಡಿ ಬಸಿಯುವುದು, ಫಿಲ್ಟರ್ ಬದಲಿಸುವುದು, ಟ್ಯಾಂಕಿನ ತಳದಿಂದ ಸ್ವಲ್ಪ ಡೀಸೆಲ್ ತೆಗೆದು ಗಾಜಿನ ಬಾಟಲಿಯಲ್ಲಿ ಇಟ್ಟು ನೋಡುವುದು ಮೊದಲಿನ ಕೆಲಸ. ಅದಾದ ಮೇಲೂ ಎಂಜಿನ್ ನಿಲ್ಲಬಹುದು, ಫ್ಯಾನಿಗೆ ಬಲೆಯ ತುಂಡು ಸುತ್ತಬಹುದು. ಆದ್ದರಿಂದ ಒಳಗೆ ಬರುವಾಗ ದೊಡ್ಡ ಹಾಯಿಯ ಮುಸುಕು ತೆಗೆದಿರಬೇಕು, ಎತ್ತುವ ಹಗ್ಗ ಸಿಕ್ಕಿಸಿರಬೇಕು, ಲಂಗರಿನ ಕಟ್ಟು ಬಿಚ್ಚಿರಬೇಕು. ಹಾಯಿ ಚೀಲದಲ್ಲಿ, ಲಂಗರು ಬಿಗಿದ ಕಟ್ಟಿನಲ್ಲಿ ಇದ್ದಾಗ ಎಂಜಿನ್ ನಿಂತರೆ ಬಂಡೆಗೆ ಹೋಗಲು ಮೂರು ನಿಮಿಷ ಸಾಕು.

ಲಂಗರು ಜಾರಿದ ಕಥೆಯೂ ಹೀಗೆಯೇ ಸರಪಳಿಯ ಲೆಕ್ಕಕ್ಕೆ ಬಂದು ನಿಲ್ಲುತ್ತದೆ. ಇಳಿತದಲ್ಲಿ ನಾಲ್ಕು ಮೀಟರ್ ನೀರು, ಮೂತಿಯ ಎತ್ತರ ಒಂದು ಮೀಟರ್, ಐದು ಪಟ್ಟು ಎಂದು 25 ಮೀಟರ್ ಸರಪಳಿ ಬಿಟ್ಟು ಮಲಗಿದರು. ರಾತ್ರಿ ಭರತ ಮೂರು ಮೀಟರ್ ಏರಿತು. ಈಗ ಎತ್ತರ ಎಂಟು, ಸರಪಳಿ ಮೂರು ಪಟ್ಟು ಮಾತ್ರ. ಆಗ ಬಂದ ಗಾಳಿಗೆ ಲಂಗರು ಕಿತ್ತಿತು. ಬಿಡಬೇಕಾಗಿದ್ದದ್ದು 40 ಮೀಟರ್. ಗಾಳಿ ಮುನ್ಸೂಚನೆಯಲ್ಲಿ ಇರಲಿಲ್ಲ ಎನ್ನುವುದು ನಿಜವೇ ಇರಬಹುದು, ಭರತ ಮಾತ್ರ ಕೋಷ್ಟಕದಲ್ಲಿ ಇತ್ತು.

ಮೂರನೇ ಪ್ರಶ್ನೆ, ಅಂತರ ಕರಗುವಾಗ ನೋಡುತ್ತಿದ್ದವರು ಯಾರು ಎಂಬುದು, ನನ್ನ ಮಟ್ಟಿಗೆ ಅತಿ ಮುಖ್ಯ. 2017ರ ಅಕ್ಟೋಬರ್ 31ರಂದು ಕ್ಲಿಪ್ಪರ್ ಪಂದ್ಯದ ಸಿವಿ24 ಎಂಬ ನೌಕೆ ಕೇಪ್‌ಟೌನ್‌ನಿಂದ ಫ್ರೀಮ್ಯಾಂಟಲ್‌ಗೆ ಹೊರಟಿತು, ಅದೇ ರಾತ್ರಿ ಕೇಪ್ ಪೆನಿನ್ಸುಲಾದ ಪಶ್ಚಿಮ ದಡದ ಬಂಡೆಗಳ ಮೇಲೆ ಹೋಗಿ ಕೂತಿತು. ಹದಿನೆಂಟು ಮಂದಿ ಪಾರಾದರು, ನೌಕೆ ಉಳಿಯಲಿಲ್ಲ. ಆ ದಡ ಎಲ್ಲರಿಗೂ ಗೊತ್ತಿದ್ದ ದಡ. ಬ್ರಿಟನ್ನಿನ ಸಾಗರ ಅಪಘಾತ ತನಿಖಾ ಶಾಖೆಯ ವರದಿ ಓದಿದರೆ ಕಾಣುವ ಚಿತ್ರ ಇದು: ನೌಕೆಯ ಮುಖ್ಯಸ್ಥರಾದ ಸ್ಕಿಪ್ಪರ್ ಮೇಲೆ ಡೆಕ್ಕಿನಲ್ಲಿ, ಹೆಚ್ಚು ಅನುಭವವಿಲ್ಲದ ತಂಡಕ್ಕೆ ಹಾಯಿ ತಿರುಗಿಸುವುದನ್ನು ಹೇಳಿಕೊಡುತ್ತ ನಿಂತಿದ್ದಾರೆ. ಚಾರ್ಟ್ ಇರುವುದು ಕೆಳಗೆ. ಚುಕ್ಕಾಣಿಯ ಬಳಿ ಪ್ಲಾಟರ್ ಇಲ್ಲ. ಕೆಳಗೆ ಕೂತು ದಡದ ದೂರ ಕೂಗಿ ಹೇಳುವ ಕೆಲಸವನ್ನು ಯಾರಿಗೂ ಒಪ್ಪಿಸಿಲ್ಲ. ಹಾಯಿ ತಿರುಗಿಸುವುದು ತಡವಾದಷ್ಟು ನೌಕೆ ದಡದ ಕಡೆಗೇ ಹೋಗುತ್ತಿದೆ. ಅಲ್ಲಿ ಬೇಕಾಗಿದ್ದದ್ದು ಮೊದಲೇ ಬರೆದಿಟ್ಟ ಒಂದು ಗೆರೆ: ಈ ಆಳ ಅಥವಾ ಈ ದೂರ ಮುಟ್ಟಿದರೆ, ಕೈಯಲ್ಲಿ ಏನೇ ಕೆಲಸವಿರಲಿ, ಬಿಟ್ಟು ತಿರುಗಬೇಕು. ಆ ಗೆರೆಯನ್ನು ಕಾಯಲು ಬೇರೆ ಕೆಲಸವಿಲ್ಲದ ಒಬ್ಬ ಮನುಷ್ಯ.

ಅಡ್ಡ ಸೆಳೆತವೂ ನೋಡದವರಿಗೆ ಕಾಣುವುದಿಲ್ಲ. ಐದು ನಾಟ್ ವೇಗದ ದೋಣಿಗೆ ಎರಡು ನಾಟಿನ ಸೆಳೆತ ಬದಿಯಿಂದ ಹೊಡೆದರೆ, ಗೆರೆಯ ಮೇಲೆ ಉಳಿಯಲು ಮೂತಿಯನ್ನು ಸುಮಾರು 24 ಡಿಗ್ರಿ ಸೆಳೆತದ ಎದುರಿಗೆ ತಿರುಗಿಸಬೇಕು. ಬೋಯಾದ (ನೀರಿನಲ್ಲಿ ತೇಲುವ ದಾರಿಗುರುತು) ಕಡೆಗೇ ಮೂತಿ ಇಟ್ಟುಕೊಂಡವನಿಗೆ ಬೋಯಾ ಸದಾ ಎದುರಿಗೇ ಕಾಣುತ್ತದೆ, ದೋಣಿ ಮಾತ್ರ ಬಿಲ್ಲಿನಂತೆ ಬಾಗಿದ ದಾರಿಯಲ್ಲಿ ದಿಬ್ಬದ ಮೇಲೆ ಬರುತ್ತದೆ. ಹಿಂದಿರುಗಿ ನೋಡಿ, ದಾಟಿ ಬಂದ ಗುರುತು ಎಷ್ಟು ಡಿಗ್ರಿ ಪಕ್ಕಕ್ಕೆ ಸರಿದಿದೆ ಎಂದು ಅಳೆದರೆ ತಕ್ಷಣ ತಿಳಿಯುತ್ತದೆ.

ತೀರ್ಪು ಕೊಡುವಾಗ ಒಂದು ನ್ಯಾಯವನ್ನು ಮರೆಯಬಾರದು. ಫಲ ಕೆಟ್ಟದ್ದಾಯಿತು ಎಂಬುದೊಂದರಿಂದಲೇ ನಿರ್ಧಾರ ಕೆಟ್ಟದ್ದಾಗಿತ್ತು ಎನ್ನಲಾಗದು. ಸರಿಯಾದ ಲೆಕ್ಕ ಹಾಕಿ, ಅಂತರ ಇಟ್ಟು, ಕಣ್ಣಿಟ್ಟು ನಡೆದವನ ರಡ್ಡರ್ (ಚುಕ್ಕಾಣಿಯ ಹಲಗೆ) ಮುನ್ಸೂಚನೆಯಿಲ್ಲದೆ ಮುರಿದು ದೋಣಿ ದಡಕ್ಕೆ ಬಿದ್ದರೆ ಅವನನ್ನು ದೂರುವುದು ಅನ್ಯಾಯ. ಅದೇ ಅಳತೆಗೋಲನ್ನು ಕಚ್ಚಿಕೊಳ್ಳದೆ ದಾಟಿ ಬಂದವರಿಗೂ ಹಿಡಿಯಬೇಕು. ಕೈಮೀಸಲಿಲ್ಲದೆ ದಿಬ್ಬ ದಾಟಿದವನು ಸಂಜೆ ಬಂದರಿನಲ್ಲಿ ಒಳ್ಳೆಯ ನಾವಿಕನೆನಿಸಿಕೊಳ್ಳುತ್ತಾನೆ, ಅವನ ಹಿಂದೆ ಬಂದು ಕಚ್ಚಿಕೊಂಡವನು ದಡ್ಡನೆನಿಸಿಕೊಳ್ಳುತ್ತಾನೆ. ಇಬ್ಬರೂ ಮಾಡಿದ್ದು ಒಂದೇ.

ಕಚ್ಚಿದ ಮೇಲೆ ಮಾಡುವ ಕೆಲಸವೂ ನಾವಿಕತನದ ಲೆಕ್ಕಕ್ಕೇ ಸೇರುತ್ತದೆ. ಮೊದಲು ಎಲ್ಲರಿಗೂ ಲೈಫ್ ಜಾಕೆಟ್, ತಲೆ ಎಣಿಕೆ, ತಳದಲ್ಲಿ ನೀರು ಬರುತ್ತಿದೆಯೇ ಎಂದು ನೋಡುವುದು. ಗಾಳಿ ದಿಬ್ಬದ ಕಡೆಗೆ ತಳ್ಳುತ್ತಿದ್ದರೆ ಹಾಯಿ ಕೂಡಲೇ ಇಳಿಸಬೇಕು. ಎಂಜಿನ್ ಚಾಲೂ ಮಾಡುವ ಮುಂಚೆ ನೀರಿನಲ್ಲಿ ಹಗ್ಗ ಬಿದ್ದಿದೆಯೇ ನೋಡಬೇಕು. ಆಮೇಲೂ ಪೂರ್ತಿ ರೇಸ್ ಕೊಟ್ಟು ನಿಂತಲ್ಲೇ ಕೊರೆಯುತ್ತಿದ್ದರೆ ಎಂಜಿನ್ ತಂಪಾಗಿಸುವ ನೀರಿನ ಕೊಳವೆಗೆ ಮರಳು ಹೊಕ್ಕು ಪಂಪ್ ಹಾಳಾಗುತ್ತದೆ. ಬಂದ ದಾರಿಯ ಆಳ ಗೊತ್ತಿರುವುದರಿಂದ ಹಿಂದಕ್ಕೇ ಹೊರಡಲು ನೋಡುವುದು ಕ್ಷೇಮ, ಎರಡನೇ ಲಂಗರನ್ನು ಸಣ್ಣ ದೋಣಿಯಲ್ಲಿ ಒಯ್ದು ಆಳದ ಕಡೆ ಹಾಕಿ ಎಳೆಯಬಹುದು. ನೀರು ಇಳಿಯುತ್ತಿದ್ದು ಬಿಡಿಸಲಾಗದು ಎಂದು ಖಚಿತವಾದರೆ, ದೋಣಿ ದಿಬ್ಬದ ಎತ್ತರದ ಕಡೆಗೆ ವಾಲುವಂತೆ ಭಾರ ಸರಿಸಿ, ಮಲಗುವ ಬದಿಗೆ ಹಾಸಿಗೆ ದಿಂಬು ಒಡ್ಡಬೇಕು. ಆಳದ ಕಡೆಗೆ ವಾಲಿದರೆ ಭರತ ಬರುವಾಗ ದೋಣಿ ಏಳುವ ಮುಂಚೆ ನೀರು ಒಳಗೆ ನುಗ್ಗುತ್ತದೆ.

"ಗ್ರಹಚಾರ, ಏನೂ ಆಗಲಿಲ್ಲ, ಮೆತ್ತಗೆ ತಾಗಿತಷ್ಟೇ" ಎಂಬ ಮಾತಿನ ಬಗ್ಗೆ ನನಗಿರುವ ಸಿಟ್ಟಿಗೆ ನಿಜವಾದ ಕಾರಣ ಮುಂದಿದೆ. 2014ರ ಮೇ ತಿಂಗಳಲ್ಲಿ ಚೀಕಿ ರಫಿಕಿ ಎಂಬ 40 ಅಡಿ ವರ್ಗದ ಯಾಟ್ ಅಟ್ಲಾಂಟಿಕ್ ನಡುವೆ ಕೀಲ್ ಕಳಚಿ ಮಗುಚಿತು. ನಾಲ್ವರೂ ಸತ್ತರು. ಆ ದೋಣಿ ಹಿಂದೆ ಕೆಲವು ಸಲ ತಳ ತಾಗಿಸಿಕೊಂಡಿತ್ತು. ಆ ಪೆಟ್ಟುಗಳು, ಅವುಗಳ ದುರಸ್ತಿ ಸೇರಿ ಕೀಲ್ ಕೂರುವ ಭಾಗವನ್ನು ದುರ್ಬಲಗೊಳಿಸಿರುವ ಸಾಧ್ಯತೆಯನ್ನು ತನಿಖಾ ಶಾಖೆ ಎತ್ತಿ ಹೇಳಿತು. ಮೆತ್ತಗಿನ ಪೆಟ್ಟೂ ಕಣ್ಣಿಗೆ ಕಾಣದ ಬಿರುಕನ್ನು ಒಳಗೆ ಬಿಡಬಲ್ಲದು. ಲಾಗ್ ಪುಸ್ತಕದಲ್ಲಿ ಬರೆಯದ, ಮಾಲೀಕನಿಗೆ ಹೇಳದ ಪೆಟ್ಟನ್ನು ಯಾರೂ ಹುಡುಕುವುದಿಲ್ಲ.

ಕೀಲ್ ಮುಂದಿನಿಂದ ಬಡಿದಾಗ ಅದರ ಹಿಂದಿನ ಅಂಚು ದೋಣಿಯ ತಳವನ್ನು ಮೇಲಕ್ಕೆ ಒತ್ತುತ್ತದೆ. ಆದ್ದರಿಂದ ಮೊದಲು ನೋಡಬೇಕಾದ್ದು ಅಲ್ಲಿ, ಕೀಲಿನ ಹಿಂಬದಿಯ ನೇರ ಮೇಲೆ. ಒಳಗಿನ ನೆಲಹಲಗೆ ಎತ್ತಿ, ಅಡ್ಡಪಟ್ಟಿಗಳು ತಳಕ್ಕೆ ಅಂಟಿಕೊಂಡ ಅಂಚಿನಲ್ಲಿ ಕೂದಲೆಳೆಯ ಬಿರುಕು, ಬಿಳಚಿಕೊಂಡ ರಾಳ, ಬೋಲ್ಟುಗಳ ಸುತ್ತ ತುಕ್ಕಿನ ಕಲೆ, ಒರೆಸಿದರೂ ಮತ್ತೆ ಕೂಡುವ ನೀರು ಇವೆಯೇ ಎಂದು ಟಾರ್ಚ್ ಹಿಡಿದು ನೋಡಬೇಕು. ಸಣ್ಣ ಸುತ್ತಿಗೆಯಿಂದ ತಟ್ಟುತ್ತ ಹೋದರೆ ಅಂಟು ಬಿಟ್ಟ ಕಡೆ ಟಣ್ ಎನ್ನುವ ಬದಲು ಬೊಡ್ಡು ಸದ್ದು ಬರುತ್ತದೆ. ಆಮೇಲೆ ದೋಣಿಯನ್ನು ಕ್ರೇನಿನಲ್ಲಿ ಎತ್ತಿಸಿ, ಕೀಲ್ ನೆಲದಿಂದ ಮೇಲೆ ನೇತಾಡುವಾಗ ಒಬ್ಬರು ಅದರ ತುದಿ ಹಿಡಿದು ಬದಿಗೆ ಅಲ್ಲಾಡಿಸಬೇಕು, ಇನ್ನೊಬ್ಬರು ಕೀಲ್ ತಳಕ್ಕೆ ಸೇರುವ ಸಂದಿನ ಮೇಲೆ ಕಣ್ಣಿಟ್ಟಿರಬೇಕು. ಸಂದು ಬಾಯಿ ತೆರೆದರೆ, ಅಥವಾ ಒಳಗೆ ಅಂಟು ಬಿಟ್ಟ ಜಾಗ ಒಂದೇ ಒಂದು ಸಿಕ್ಕರೂ, ದೋಣಿ ಪರೀಕ್ಷಿಸುವ ಸರ್ವೇಯರ್ ನೋಡಿ ಬರೆದುಕೊಡುವವರೆಗೆ ಆ ದೋಣಿ ನೀರಿಗೆ ಇಳಿಯಬಾರದು.